ಬೂದು ಅಕ್ಷರಗಳಲ್ಲಿ ಅಕ್ಕ

“ಹೊಟ್ಟೆ ಖಾಲಿ ಬಿಟ್ಟುಕೊಂಡು ಕೆಲಸಕ್ಕೆ ಕೂರಬೇಡ ಅಂತ ಬರೆದಿದ್ದೀರಲ್ಲ, ಇದು ನನಗೋ, ಪೇಷಂಟಿಗೋ?” ಎಂದು ಹಲ್ಲಿನ ಡಾಕ್ಟರು ಫೋನಿನಲ್ಲಿ ಕೇಳಿ ನಕ್ಕಾಗ ಅವನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪಿಂಗಾಣಿ ಪುಡಿಯಲ್ಲಿ ಅದ್ದಿದ ಕುಂಚ, ಎದುರಿಗೆ ಯಾರದೋ ಬಾಯಿಗೆ ಹೋಗಬೇಕಾದ ದವಡೆಹಲ್ಲು. ಕುಂಚದ ತುದಿ ಒಣಗುವುದರೊಳಗೆ ಮಾತು ಮುಗಿಸುವ ಅವಸರದಲ್ಲಿ, “ಏನೋ ಕೈತಪ್ಪಾಗಿದೆ ಡಾಕ್ಟ್ರೇ, ನೋಡ್ತೀನಿ” ಎಂದ. “ಅಯ್ಯೋ ಇರ್ಲಿ ಬಿಡ್ರಿ. ನಮ್ಮನೇಲಿ ಯಾರೂ ನನ್ನನ್ನ ಹೀಗೆ ಕೇಳಲ್ಲ. ದಿನಾ ಬರೀರಿ,” ಎಂದು ಡಾಕ್ಟರು ಇನ್ನೊಮ್ಮೆ ನಕ್ಕು ಫೋನಿಟ್ಟರು. ಅಷ್ಟರಲ್ಲಿ ಕುಂಚ ಒಣಗಿಯೇ ಹೋಗಿತ್ತು. ಅದನ್ನು ನೀರಿಗದ್ದಿ, ಬಟ್ಟೆಗೊರೆಸಿ, ಮತ್ತೆ ನೀರಿಗದ್ದಿದ. ಜನರಿಗೆ ಹಲ್ಲು ಮಾಡಿಕೊಡುವವನನ್ನು ಕಂಡು ಯಾರಾದರೂ ಹಲ್ಲು ಕಿರಿದರೆ ಬೇಸರಪಡುವುದರಲ್ಲಿ ಅರ್ಥವಿಲ್ಲ, ನಿಜ. ಆದರೂ ಕಿವಿ ಬಿಸಿಯಾಯಿತು. ಮೂಲೆಯಲ್ಲಿ ಅಚ್ಚು ಎರೆಯುತ್ತಿದ್ದ ಅಚ್ಚಿನಮ್ಮ ತಲೆಯೆತ್ತಿ ನೋಡಿ ಮತ್ತೆ ತನ್ನ ಬಟ್ಟಲಿನ ಗಾರೆ ಕಲಸತೊಡಗಿದಳು. ಅವಳಿಗೆ ಬೇರೊಂದು ಹೆಸರಿತ್ತು, ಈ ಕೋಣೆಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಹೋಗಿ ಬೆಳಿಗ್ಗೆ ತಾನೇ ಕಳಿಸಿದ್ದ ಮೇಲ್ ತೆರೆದು ನೋಡಿದ. ಕೆಳದವಡೆಯ ಅಚ್ಚು ತಲುಪಿದೆ. ಪಕ್ಕದ ಹಲ್ಲಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ, ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು ಬೇಡ. ವಾರದ ಕೊನೆಗೆ ಕೊಡುತ್ತೇವೆ. ಆಮೇಲೆ ಅದೇ ಅಕ್ಷರದಲ್ಲಿ, ಅದೇ ಗಾಂಭೀರ್ಯದಲ್ಲಿ, ಹೊಟ್ಟೆ ಖಾಲಿ ಬಿಟ್ಟುಕೊಂಡು ಕೆಲಸಕ್ಕೆ ಕೂರಬೇಡ. ಅವನೇ ಕಳಿಸಿದ್ದು, ಅನುಮಾನವಿಲ್ಲ. ‘ಕೆಲಸ’ ಎಂದೇನೋ ಬರೆಯಲು ಹೊರಟಾಗ ಬೂದು ಅಕ್ಷರಗಳು ಮುಂದೆ ಬಂದು ನಿಂತದ್ದೂ, ಓದದೆ ಕೀಲಿ ಒತ್ತಿದ್ದೂ ಈಗ ನೆನಪಾಯಿತು. ಈ ನೆರವುಗಾರ ಬಂದು ಸೇರಿಕೊಂಡದ್ದು ಇತ್ತೀಚೆಗೆ. ಒಂದು ದಿನ ಮೇಲ್ ತೆರೆದಾಗ ನಡುವೆ ಒಂದು ಚೌಕ ಎದ್ದು, ನಿಮ್ಮ ಬರವಣಿಗೆಗೆ ನೆರವಾಗಲೇ ಎಂದು ಬಹಳ ವಿನಯದಿಂದ ಕೇಳಿತ್ತು. ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಏನೇನೋ ಇತ್ತು. ಅವನು ನೊಣ ಓಡಿಸುವ ಹಾಗೆ ‘ಸರಿ’ ಒತ್ತಿದ. ಅಂದಿನಿಂದ ಅವನು ಅರ್ಧ ಸಾಲು ಬರೆದರೆ ಉಳಿದರ್ಧವನ್ನು ಅದು ಬೂದು ಬಣ್ಣದಲ್ಲಿ ಮುಂದಿಡುತ್ತಿತ್ತು. ಕೀಲಿ ಒತ್ತಿದರೆ ಬೂದು ಕಪ್ಪಾಗಿ ಅವನದೇ ಮಾತಾಗುತ್ತಿತ್ತು. ಹಲ್ಲಿಗೆ ಬಗ್ಗುವ ಅವನ ಕೈ ಮಾತಿಗೆ ಎಂದೂ ಬಗ್ಗಿದ್ದಿಲ್ಲ. ಹಾಗಾಗಿ ನೆರವುಗಾರ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ರೂಢಿಯಾಗಿಬಿಟ್ಟಿತ್ತು.

ಆದರೆ ಇದು ಯಂತ್ರದ ಮಾತಲ್ಲ. ಹೊಟ್ಟೆ ಖಾಲಿ ಬಿಟ್ಟುಕೊಂಡು ಎಂದು ಈ ಪ್ರಪಂಚದಲ್ಲಿ ಹೇಳುವವಳು ಒಬ್ಬಳೇ. ಊಟ ಮಾಡು ಎಂದು ಅವಳ ಬಾಯಲ್ಲಿ ಎಂದೂ ಬಂದದ್ದಿಲ್ಲ. ಹೊಟ್ಟೆ ಏನೋ ಅವನು ಮರೆತು ಬಾಗಿಲು ಹಾಕದೆ ಬಂದ ಮನೆಯೆಂಬಂತೆ ಗದರುತ್ತಿದ್ದಳು. ಶಾಲೆಗೆ ಹೊರಟಾಗ ಒದ್ದೆಗೈಯಿಂದ ಅವನ ತಲೆ ತಟ್ಟಿ, ಗದ್ದ ಹಿಡಿದು ಮುಖ ಮೇಲೆತ್ತಿ, ಬೈತಲೆ ತೆಗೆಯುತ್ತ ಹಾಗೆ ಅನ್ನುತ್ತಿದ್ದಳು. ರಸ್ತೆ ದಾಟಿಸುವಾಗ ಅವಳು ಕೈ ಹಿಡಿಯುತ್ತಿರಲಿಲ್ಲ, ಅಂಗಿಯ ಕಾಲರು ಹಿಡಿಯುತ್ತಿದ್ದಳು. ಕೈಯಾದ್ರೆ ಬಿಡಿಸ್ಕೊಂಡು ಓಡ್ತೀಯ, ಕಾಲರ್ ಬಿಡಿಸ್ಕೊಳಕ್ಕಾಗಲ್ಲ. ಕಾಲರಿನ ಹಿಂದೆ ಕುತ್ತಿಗೆಗೆ ತಾಗುತ್ತಿದ್ದ ಅವಳ ಬೆರಳಿನ ಗಂಟು ಈಗಲೂ ಅಲ್ಲೇ ಇದೆ ಅನ್ನಿಸಿ ಅವನು ಕತ್ತು ಸವರಿಕೊಂಡ. ಅಕ್ಕ ಅವನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವನೂ ಬಿಟ್ಟಿದ್ದ.

ಬಿಟ್ಟದ್ದು ಒಂದು ಹಲ್ಲಿನ ಕಾರಣಕ್ಕೆ ಎಂದರೆ ಯಾರಾದರೂ ನಗುತ್ತಾರೆ. ಅವನು ಕಷ್ಟಪಟ್ಟು ಕಟ್ಟಿದ್ದ ಒಂದು ಮುಂದಿನ ಹಲ್ಲನ್ನು ಅಕ್ಕ ಇದೇ ಕಿಟಕಿಯಲ್ಲಿ ಹಿಡಿದು ನೋಡಿ, ಎದುರಿಗೆ ಡಾಕ್ಟರಿರುವಾಗಲೇ, “ಇದು ಸತ್ತ ಹಲ್ಲಿನ ಬಣ್ಣ, ವಾಪಸ್ ತಗೋ” ಎಂದಿದ್ದಳು. ಹಲ್ಲಿನ ಬಣ್ಣ ಹೊಂದಿಸುವುದು ಅವಳ ಕೆಲಸ, ಪಿಂಗಾಣಿ ಕಟ್ಟಿ ಕುಲುಮೆಯಲ್ಲಿ ಸುಡುವುದು ಅವನದು. ಆ ಮಾತಿಗೆ ಅವನೊಂದು ಹೇಳಿದ, ಅವಳೊಂದು ಹೇಳಿದಳು. ಎರಡು ದಿನದ ಮುನಿಸು ಎಂದುಕೊಂಡದ್ದು, ಮೊದಲು ಮಾತಾಡಿದವರು ಸೋತಂತೆ ಎಂಬ ಹಟದಲ್ಲಿ ಹಾಗೇ ಗಟ್ಟಿಯಾಗಿ ಕುಳಿತುಬಿಟ್ಟಿತು. ಬೆಳಗಿನ ಹೊತ್ತು ಅವನದಾಯಿತು, ಮಧ್ಯಾಹ್ನದ ಮೇಲಿನದು ಅವಳದು. ಅವಳು ಮುಂದಿನ ಮೆಟ್ಟಿಲು ಹತ್ತುವ ಸದ್ದಾದರೆ ಅವನು ಹಿಂದಿನ ಮೆಟ್ಟಿಲಿಳಿಯುತ್ತಾನೆ. ತಪ್ಪಿ ಇಬ್ಬರೂ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದರೆ ಎಲ್ಲ ಅಚ್ಚಿನಮ್ಮನ ಮೂಲಕ. “ಕುಲುಮೆ ಜಾಸ್ತಿ ಬಿಸಿ ಇಡಬೇಡಿ ಅಂತ ಹೇಳು ಅವರಿಗೆ.” “ಕುಲುಮೆ ನನಗೆ ಗೊತ್ತು ಅಂತ ಹೇಳು.” ಅಚ್ಚಿನಮ್ಮ ನಡುವೆ ನಿಂತು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕತ್ತು ತಿರುಗಿಸಿ, ಕೊನೆಗೆ ಹೇಳುವ ಗೋಜಿಗೂ ಹೋಗದೆ, “ಕೇಳ್ಸ್ಕೊಂಡ್ರಲ್ಲ?” ಅನ್ನುತ್ತಿದ್ದಳು. ಮಾತಾಡದೇ ಇರೋಕೆ ನೀವಿಬ್ರು ಇಷ್ಟು ಒದ್ದಾಡ್ತೀರಲ್ಲ, ಅದರ ಅರ್ಧ ಒದ್ದಾಡಿದ್ರೆ ಮಾತಾಡಬಹುದಿತ್ತು ಎಂದು ಅವನ ಹೆಂಡತಿ ಅಂದು ಅಂದು ಈಗ ಅನ್ನುವುದನ್ನೂ ಬಿಟ್ಟಿದ್ದಳು. ಇಷ್ಟಾದರೂ ಹಲ್ಲು ಕಟ್ಟುವ ಈ ಪ್ರಯೋಗಾಲಯದ ಮೇಲ್ ಇಬ್ಬರಿಗೂ ಒಂದೇ, ಅದರ ಗುಟ್ಟಿನ ಪದವೂ ಒಂದೇ, ಅದು ಮಾತು ಬಿಡುವ ಮೊದಲಿನದು. ಬದಲಾಯಿಸಬೇಕಾದರೆ ಮಾತಾಡಬೇಕಾಗುತ್ತದೆ ಎಂದು ಇಬ್ಬರೂ ಅದನ್ನು ಹಾಗೇ ಬಿಟ್ಟಿದ್ದರು.

ಅವನು ಹೊಸ ಮೇಲ್‌ನ ಖಾಲಿ ಚೌಕ ತೆರೆದ. ಆಮೇಲೆ, ಯಾರೂ ನೋಡುತ್ತಿಲ್ಲವಷ್ಟೆ ಎಂದು ಹಿಂದೆ ತಿರುಗಿ ನೋಡಿ, ಒಂದು ಪದ ಬರೆದ: ಮಂಕಾ. ಅವನನ್ನು ಹಾಗೆ ಕರೆಯುತ್ತಿದ್ದುದು ಅಕ್ಕ ಮಾತ್ರ. ಹೆಂಡತಿ ಒಮ್ಮೆ ತಮಾಷೆಗೆ ಕರೆಯಲು ಹೋಗಿ ಅವನು ಮುಖ ಗಂಟಿಕ್ಕಿದ್ದನ್ನು ನೋಡಿ ಸುಮ್ಮನಾಗಿದ್ದಳು. ತಾನೇ ತನ್ನ ಕೈಯಾರೆ ಆ ಪದ ಬರೆದದ್ದು ನಾಚಿಕೆಯೆನಿಸಿತು, ಕನ್ನಡಿ ಮುಂದೆ ತನ್ನನ್ನು ತಾನೇ ಮುದ್ದಿಸಿಕೊಂಡ ಹಾಗೆ. ಅಷ್ಟರಲ್ಲಿ ಪದದ ಮುಂದೆ ಬೂದು ಅಕ್ಷರಗಳು ಬಂದವು: ಕೆಮ್ಮು ಕಡಿಮೆಯಾಯಿತೆ? ಮೆಟ್ಟಿಲಲ್ಲಿ ಕೇಳಿಸಿತು. ಹೋದ ತಿಂಗಳು ಕೆಮ್ಮಿದ್ದು ನಿಜ. ಹಿಂದಿನ ಮೆಟ್ಟಿಲಲ್ಲಿ ಕರವಸ್ತ್ರ ಬಾಯಿಗೊತ್ತಿಕೊಂಡೇ ಇಳಿಯುತ್ತಿದ್ದ. ಅಳಿಸಿ ಮತ್ತೆ ಅದೇ ಪದ ಬರೆದ. ಈ ಸಲ ಬೇರೆಯದು ಬಂತು: ಹೊಸ ಕನ್ನಡಕ ನಿನಗೆ ಒಪ್ಪುವುದಿಲ್ಲ, ಹಳೆಯದೇ ವಾಸಿ. ಅವನು ಕನ್ನಡಕ ತೆಗೆದು ನೋಡಿಕೊಂಡ. ಇವಳು ನನ್ನ ಮುಖ ಯಾವಾಗ ನೋಡಿದಳು? ಎದುರಾದಾಗಲೆಲ್ಲ ಗೋಡೆ ನೋಡುತ್ತಿದ್ದವಳಲ್ಲವೆ? ಅಕ್ಕ ಅವನಿಗೆ ಬರೆಯುತ್ತಿದ್ದಳು. ಇದೇ ಕುರ್ಚಿಯಲ್ಲಿ ಕೂತು, ಯಾರಿಗೆ ಎಂಬ ಜಾಗ ಖಾಲಿ ಬಿಟ್ಟು ಬರೆದು, ಅಳಿಸಿ, ಎದ್ದು ಹೋಗುತ್ತಿದ್ದಳು. ಅಳಿಸಿದ್ದನ್ನೆಲ್ಲ ಈ ನೆರವುಗಾರ ತಿಂದು ಕೂತಿದ್ದ. ಅಳಿಸಿದರೆ ಅಳಿಯಿತು ಎಂದು ನಂಬಿದವಳು ಅವಳೊಬ್ಬಳೇ ಅಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸುಖದಲ್ಲಿರುವವನಿಗೆ ಅಷ್ಟು ಬೇಗ ಏನೂ ಹೊಳೆಯುವುದಿಲ್ಲ.

“ಏನು, ಮೇಲ್ ನೋಡ್ಕೊಂಡು ಅಳ್ತಾ ಇದೀರಾ?” ಎಂದಳು ಅಚ್ಚಿನಮ್ಮ. ಅವನು ಕಣ್ಣಿಗೆ ಪುಡಿ ಹೋಯಿತು ಅಂದ. “ಪುಡಿ ಇರೋದು ಆ ಮೇಜಲ್ಲಿ, ನೀವು ಕೂತಿರೋದು ಇಲ್ಲಿ” ಎಂದು ಅವಳು ಗಾರೆಯ ಬಟ್ಟಲನ್ನು ಕುಟ್ಟಿ ಗುಳ್ಳೆ ಹೊರಡಿಸುತ್ತ ಹೇಳಿದಳು. ಆ ಟಕ್ ಟಕ್ ಸದ್ದಿನ ನಡುವೆ ಅವನಿಗೆ ತಟ್ಟನೆ ಹೊಳೆಯಿತು. ಅವಳದು ನನಗೆ ಕಾಣುವುದಾದರೆ ನನ್ನದು ಅವಳಿಗೆ ಕಾಣುವುದಿಲ್ಲವೆ? ಅವನೂ ಬರೆಯುತ್ತಿದ್ದ. ಇದೇ ಕುರ್ಚಿ, ಇದೇ ಖಾಲಿ ಚೌಕ. ಮನೆಯಲ್ಲಿ ಬರೆದರೆ ಹೆಂಡತಿ ಭುಜದ ಮೇಲಿಂದ ನೋಡುತ್ತಾಳೆಂದು ಇಲ್ಲಿ ಬರೆಯುತ್ತಿದ್ದ. ಅಕ್ಕಾ ಎಂದು ಶುರುಮಾಡಿ, ಎರಡು ಸಾಲು ಹೋಗುವಷ್ಟರಲ್ಲಿ ನಿಲ್ಲಿಸಿ, ಅಳಿಸುತ್ತಿದ್ದ. ಕೆಲವು ಸಲ ಸಿಟ್ಟು ನೆತ್ತಿಗೇರುತ್ತಿತ್ತು, ಆಗ ಬರೆದದ್ದು ಬೇರೆ. ಅದರಲ್ಲೊಂದು ವಾಕ್ಯ ಇತ್ತು. ಅವತ್ತು ಅಚ್ಚಿನಮ್ಮನ ಮೂಲಕ ಅವಳು ಹೇಳಿಸಿದ ಏನೋ ಒಂದು ಚುಚ್ಚುಮಾತಿಗೆ ಉರಿದುಹೋಗಿ ಬರೆದದ್ದು. ಬರೆದು, ಓದಿ, ತನ್ನ ಕೈಯನ್ನು ತಾನೇ ನೋಡಿ ಹೆದರಿ ಕೂಡಲೇ ಅಳಿಸಿದ್ದ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅದು ಪರದೆಯ ಮೇಲಿರಲಿಲ್ಲ. ಈಗ ಅವನು ಅದರ ಮೊದಲೆರಡು ಪದ ಬರೆದ: ನಿನಗೆ ಯಾರೂ. ನೆರವುಗಾರ ಒಂದು ಕ್ಷಣವೂ ತಡೆಯಲಿಲ್ಲ. ಇಲ್ಲದ್ದು ಸುಮ್ಮನೆ ಅಲ್ಲ, ಎಂದು ಬೂದು ಅಕ್ಷರಗಳಲ್ಲಿ ಮುಗಿಸಿಕೊಟ್ಟಿತು.

ಹೇಳದೇ ಇದ್ದ ಮಾತಿಗೂ ಮನುಷ್ಯ ಜವಾಬುದಾರನೆ? ಎದೆಯೊಳಗೆ ಏನೇನೋ ಏಳುತ್ತದೆ, ಇಳಿಯುತ್ತದೆ. ಎದ್ದದ್ದನ್ನೆಲ್ಲ ಯಾರಾದರೂ ಬರೆದುಕೊಳ್ಳುತ್ತ ಕೂತರೆ ಭೂಮಿಯ ಮೇಲೆ ಯಾರು ಯಾರ ಮುಖ ನೋಡಿಯಾರು? ಅವನು ತನ್ನ ಪರವಾಗಿ ವಾದಿಸಿಕೊಂಡ, ವಾದ ಚೆನ್ನಾಗಿಯೇ ಇತ್ತು. ಆದರೆ ಆ ವಾಕ್ಯ ಬರೆಯುವಾಗ ಅವನಿಗೆ ಗೊತ್ತಿತ್ತು. ಅವನು ಚಿಕ್ಕವನಿದ್ದಾಗ ಕನ್ನಡಕದಂಗಡಿಯ ಒಬ್ಬರು ಅಕ್ಕನನ್ನು ಮದುವೆಗೆ ಕೇಳಲು ಮನೆಗೆ ಬಂದು ಮುಂದಿನ ಕೋಣೆಯಲ್ಲಿ ಕೂತಿದ್ದರು, ಒಳ್ಳೆಯ ಮನುಷ್ಯ, ಅವನಿಗೊಂದು ಭೂತಗನ್ನಡಿ ತಂದುಕೊಟ್ಟಿದ್ದರು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಆ ಭೂತಗನ್ನಡಿ ಹಿಡಿದುಕೊಂಡು ಅವನು ನಿಂತಿದ್ದ. ಹುಡುಗನನ್ನ ಚಿಕ್ಕಪ್ಪನ ಮನೇಲಿ ಬಿಡಬಹುದಲ್ಲ, ಎಂದು ಅವರು ಕೇಳಿದರು, ಕೆಟ್ಟ ದನಿಯಲ್ಲೇನೂ ಅಲ್ಲ. ಬಿಡಕ್ಕಾಗಲ್ಲ, ಎಂದಳು ಅಕ್ಕ. ತಾಯಿ ತೀರಿಕೊಂಡ ಮನೆ, ಅಪ್ಪ ಇದ್ದೂ ಇಲ್ಲದ ಹಾಗೆ. ಅವರು ಮತ್ತೆ ಬರಲಿಲ್ಲ. ಅಕ್ಕ ಅವತ್ತು ಸಂಜೆ ಏನೂ ಆಗದವಳ ಹಾಗೆ ಅವನ ಉಗುರು ಕತ್ತರಿಸಿದಳು, ಒಂದು ಬೆರಳಲ್ಲಿ ತುಸು ಒಳಗೇ ಕತ್ತರಿಸಿ ರಕ್ತ ಬಂದಾಗ ಅವನಿಗಿಂತ ಮೊದಲು ಅವಳು ಅತ್ತಳು. ಇಷ್ಟೂ ಗೊತ್ತಿದ್ದವನೇ ಆ ಸಾಲು ಬರೆದದ್ದು. ಎಲ್ಲಿ ಚುಚ್ಚಿದರೆ ನೋಯುತ್ತದೆಂದು ಗೊತ್ತಿದ್ದವನೇ ಚುಚ್ಚಲು ಸಾಧ್ಯ.

ಏನಾದರೂ ಮಾಡಬೇಕು ಅವಳು ಬರುವುದರೊಳಗೆ. ಮೇಲಿನ ಮೂಲೆಯ ಚಕ್ರದ ಗುರುತು ಒತ್ತಿ, ಅಲ್ಲಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಹೋಗಿ, ಅಂತೂ ನೆರವುಗಾರನ ಪುಟ ಸಿಕ್ಕಿತು. ಇಲ್ಲಿ ಅಕ್ಷರಗಳು ದೊಡ್ಡದಾಗಿದ್ದವು. ನೀವು ಕಳಿಸಿದ, ಕಳಿಸದ ಬರಹಗಳಿಂದ ಕಲಿಯುತ್ತೇನೆ. ಕೊನೆಗೆ ಕೆಂಪು ಅಕ್ಷರಗಳಲ್ಲಿ: ಕಲಿತದ್ದನ್ನೆಲ್ಲ ಅಳಿಸು. ಬೇಕಾದ ಒಂದನ್ನು ಅಳಿಸಿ ಉಳಿದದ್ದನ್ನು ಇಟ್ಟುಕೊಳ್ಳುವ ಏರ್ಪಾಡು ಇರಲಿಲ್ಲ, ಹುಡುಕಿದ, ಇರಲಿಲ್ಲ. ಅವನ ಬೆರಳು ಕೆಂಪಿನ ಮೇಲೆ ನಿಂತಿತು. ಒತ್ತಿದರೆ ಆ ಸಾಲು ಹೋಗುತ್ತದೆ. ಅದರ ಜೊತೆಗೆ ಮಂಕಾ ಹೋಗುತ್ತದೆ, ಕೆಮ್ಮು ಹೋಗುತ್ತದೆ, ಕನ್ನಡಕ ಹೋಗುತ್ತದೆ. ಇಷ್ಟು ವರ್ಷ ಬಾಯಾರಿದವನಿಗೆ ಈಗಷ್ಟೇ ಒಂದು ಗುಟುಕು ಸಿಕ್ಕಿದೆ. ಇನ್ನೊಂದು, ಇನ್ನೊಂದೇ ಒಂದು, ಎಂದುಕೊಂಡು ಅವನು ಖಾಲಿ ಚೌಕಕ್ಕೆ ಮರಳಿದ.

ಮಾಡುತ್ತಿರುವುದು ಏನೆಂದು ಗೊತ್ತಿತ್ತು. ಅವಳಿಲ್ಲದಾಗ ಅವಳ ಕಪಾಟು ತೆಗೆದು ಸೀರೆಗಳ ನಡುವೆ ಕೈಯಾಡಿಸಿದಂತೆ. ನಾಚಿಕೆಯಾಗುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಮಂಕಾ, ನಿನ್ನೆ, ಎಂದು ಬರೆದ. ನೀನು ಕಟ್ಟಿದ ಕೋರೆಹಲ್ಲು ನೋಡಿದೆ, ಬಹಳ ಚೆನ್ನಾಗಿತ್ತು, ಕರೆದು ಹೇಳಬೇಕೆನಿಸಿತು. ಅವನು ಆ ಸಾಲನ್ನು ತುಟಿಯಲ್ಲೇ ಓದಿಕೊಂಡ. ಈ ಕಸುಬಿಗೆ ಅವನನ್ನು ಹಚ್ಚಿದವಳೇ ಅವಳು. ಜನರಿಗೆ ಟೋಪಿ ಹಾಕೋ ಕೆಲಸ ಕಣೋ, ಆದ್ರೆ ಹಲ್ಲಿಗೆ, ಎಂದು ನಗಿಸಿ ಕೈಗೆ ಕುಂಚ ಕೊಟ್ಟಿದ್ದಳು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಒಂದು ಸಲವೂ ಅಂದವಳಲ್ಲ. ಅವಳು ಏನೂ ಅನ್ನದೆ ಡಬ್ಬಿಗೆ ಹಾಕಿದರೆ ಅದೇ ಹೊಗಳಿಕೆ. ಅವನು ಮುಂದುವರಿಸಿದ. ಮಂಕಾ, ಯಾರಿಗೂ, ಎಂದು ಬರೆದ. ಯಾಕೆ ಹಾಗೆ ಬರೆದನೋ, ಗುಟ್ಟು ಹುಡುಕುವವನ ಕೈಗೆ ಗುಟ್ಟಿನ ದಾರಿ ತಾನಾಗಿ ತಿಳಿಯುತ್ತದೋ ಏನೋ. ಬೂದು ಅಕ್ಷರಗಳು ಬಂದವು: ಹೇಳಿಲ್ಲ, ಆ ಜಗಳಕ್ಕೂ ಮೊದಲಿಂದ ನನ್ನ ಕಣ್ಣು ಮಂಜಾಗುತ್ತಿದೆ, ಬಿಳಿಯೆಲ್ಲ ಒಂದೇ ಥರ ಕಾಣುತ್ತದೆ, ಅಂದಾಜಿನ ಮೇಲೆ ಬಣ್ಣ ಹೇಳುತ್ತಿದ್ದೇನೆ.

ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಹಾಗಾದರೆ ಆ ಹಲ್ಲು ಸರಿಯಿತ್ತು. ಸತ್ತ ಹಲ್ಲಿನ ಬಣ್ಣವಲ್ಲ, ಸರಿಯಾಗಿಯೇ ಇತ್ತು, ಅವನು ಹೇಳಿದ್ದೇ ನಿಜ. ಇಷ್ಟು ವರ್ಷ ಮನಸ್ಸಿನಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಒಪ್ಪಿಸುತ್ತಿದ್ದುದು ಇದನ್ನೇ. ಗೆದ್ದಿದ್ದ. ಹಗಲ ಬೆಳಕಿಗೆ ಬಣ್ಣ ಹೋಲಿಸುವ ಮಾದರಿ ಹಲ್ಲುಗಳ ಸರ ಹಿಡಿದು, ತಲೆಯನ್ನು ತುಸು ವಾರೆ ಮಾಡಿ, ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ, ಈಚೀಚೆಗೆ ಅವಳು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದುದನ್ನು ಅವನು ಹಿಂಬಾಗಿಲ ಸಂದಿಯಿಂದ ನೋಡಿ, ಜಂಭ, ಅಂದುಕೊಂಡಿದ್ದ. ಹೆದರಿಕೆ ಎಂದು ತಿಳಿಯಲಿಲ್ಲ. ತಾನು ಸೋತರೂ ಚಿಂತೆಯಿಲ್ಲ, ಆ ಹಲ್ಲು ಕಪ್ಪಾಗಿಯೇ ಇದ್ದಿರಲಿ, ಅವಳ ಕಣ್ಣು ನೆಟ್ಟಗಿರಲಿ ಎಂದು ಈಗ ಅನ್ನಿಸಿತು. ಈ ಸಂಗತಿ ಅವಳು ಅವನಿಗೆ ಹೇಳಿದ್ದಲ್ಲ. ಹೇಳಲು ಹೋಗಿ, ಬೇಡವೆಂದು ನಿರ್ಧರಿಸಿದ್ದು. ಆ ಬೇಡ ಎನ್ನುವುದೂ ಅವಳದೇ, ಅದನ್ನೂ ಅವನು ಕದ್ದಿದ್ದ.

ಮತ್ತೆ ಬೆಳಗಿನ ಫೋನು ನೆನಪಾಯಿತು. ಇವತ್ತು ಹೊಟ್ಟೆ ಖಾಲಿ ಎಂಬುದು ಹೋಗಿ ಡಾಕ್ಟರರ ಮುಂದೆ ಬಿದ್ದಿದೆ. ನಾಳೆ ಇನ್ನಾವುದೋ ಕ್ಲಿನಿಕ್ಕಿಗೆ ಬಣ್ಣದ ವಿಷಯ ಬರೆಯುವಾಗ, ಅವನೋ ಅಚ್ಚಿನಮ್ಮನೋ ಓದದೆ ಕೀಲಿ ಒತ್ತಿದರೆ, ಕಣ್ಣು ಮಂಜಾಗುತ್ತಿದೆ, ಅಂದಾಜಿನ ಮೇಲೆ ಹೇಳುತ್ತಿದ್ದೇನೆ ಎಂಬ ಸಾಲು ಪ್ರಯೋಗಾಲಯದ ಹೆಸರಿನಲ್ಲೇ ಹೊರಡುತ್ತದೆ. ಆ ಡಾಕ್ಟರು ನಗುವುದಿಲ್ಲ. ಮರುದಿನದಿಂದ ಅವಳು ಕಿಟಕಿಯಲ್ಲಿ ನಿಂತು ಬಣ್ಣ ಹೇಳಿದರೆ ಕೇಳುವವರಿರುವುದಿಲ್ಲ. ಬಣ್ಣ ಹೇಳದ ಅಕ್ಕ ಯಾರು? ಅವಳ ಜೀವನದಲ್ಲಿ ಅವಳದೆಂದು ಇರುವುದು ಈ ಕಿಟಕಿಯ ಬೆಳಕೊಂದೇ. ಅವನು ಕೆಂಪು ಅಕ್ಷರಗಳ ಪುಟಕ್ಕೆ ಹೋಗಿ, ಅಲ್ಲಿಂದ ಮತ್ತೆ ಚೌಕಕ್ಕೆ ಬಂದ. ಅವಳ ಸಾಲುಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳೋಣವೆಂದು ಪೆನ್ಸಿಲ್ ಎತ್ತಿಕೊಂಡ. ಕೋರೆಹಲ್ಲಿನ ಸಾಲೊಂದನ್ನಾದರೂ. ಪೆನ್ಸಿಲ್ ಕಾಗದಕ್ಕೆ ತಾಗಿತು, ಚುಕ್ಕೆ ಬಿತ್ತು. ಕೊಡದೇ ಇದ್ದದ್ದನ್ನು ಓದಿದ್ದು ಆಕಸ್ಮಿಕ ಎನ್ನಬಹುದು, ಬರೆದಿಟ್ಟುಕೊಂಡರೆ ಏನೆನ್ನುವುದು? ಪೆನ್ಸಿಲನ್ನು ಡಬ್ಬಿಯಲ್ಲಿಟ್ಟ.

ಒಂದು ಮಾತ್ರ ಉಳಿದಿತ್ತು, ಅದನ್ನು ತಿಳಿಯದೆ ಒತ್ತಲಾರ. ಆ ಸಾಲು ಅವಳಿಗೆ ಸಿಕ್ಕಿದೆಯೋ ಇಲ್ಲವೋ. ಸಿಕ್ಕಿದ್ದರೆ ಅವಳು ಉತ್ತರ ಬರೆಯದೆ ಬಿಡುವವಳಲ್ಲ, ಕಳಿಸದಿದ್ದರೂ ಬರೆಯುತ್ತಾಳೆ. ಬರೆದಿದ್ದರೆ ಹೇಗೆ ಶುರುಮಾಡುತ್ತಾಳೆ? ಅವನು ಅಕ್ಕನಾಗಿ ಕೂತ. ಬೆನ್ನು ನೆಟ್ಟಗೆ ಮಾಡಿಕೊಂಡು, ಅವಳ ಹಾಗೆ ಒಂದೊಂದೇ ಬೆರಳಲ್ಲಿ ಬರೆದ: ನನಗೆ ಯಾರೂ. ಏನೂ ಬರಲಿಲ್ಲ. ಬರದಿದ್ದರೆ ಬದುಕಿದೆ, ಅಂದುಕೊಳ್ಳುವಷ್ಟರಲ್ಲಿ ಬೂದು ಅಕ್ಷರಗಳು ಮೆಲ್ಲಗೆ ಎದ್ದವು: ಇಲ್ಲದ್ದು ಸುಮ್ಮನೆ ಅಲ್ಲ, ನಿಜ ಮಂಕಾ. ನೀನಿದ್ದೆ, ಸಾಕೆನಿಸಿತ್ತು.

ಕುಲುಮೆ ತನ್ನ ಕೆಲಸ ಮುಗಿಸಿ ಕಿರ್ ಎಂದು ಕೂಗಿತು, ಅಚ್ಚಿನಮ್ಮ ಎದ್ದು ಹೋಗಿ ಆರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಅದನ್ನು ಒಪ್ಪಿಕೊಂಡಿದ್ದಳು. ಅವನು ಎಸೆದದ್ದನ್ನು ಎತ್ತಿಕೊಂಡು, ಒರೆಸಿ, ತನ್ನದೆಂದು ಇಟ್ಟುಕೊಂಡಿದ್ದಳು. ಸಾಕೆನಿಸಿತ್ತು ಎಂಬ ಪದವನ್ನು ಅವನು ಮತ್ತೆ ಮತ್ತೆ ಓದಿದ. ಅನಿಸಿತ್ತು, ಈಗ ಅನಿಸುವುದಿಲ್ಲ ಎಂದೇ? ಕೇಳಲು ಯಾರಿದ್ದಾರೆ? ಅಕ್ಕಾ, ಅಕ್ಕಾ, ಎಂದು ಒಳಗೊಳಗೇ ಕರೆದ, ಭೂತಗನ್ನಡಿ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗನ ದನಿಯಲ್ಲಿ. ಅವಳು ಬೇಕೆನಿಸಿತು. ಈ ಅಕ್ಷರದ ಅಕ್ಕನಲ್ಲ, ಮೆಟ್ಟಿಲು ಹತ್ತುವಾಗ ಮಂಡಿಗೆ ಕೈಯೂರಿ ಉಸ್ಸೆನ್ನುವ ಅಕ್ಕ. ಅವನು ಕೆಂಪು ಅಕ್ಷರಗಳಿಗೆ ಹೋದ. ಹೀಗೆ ಅಳಿಸಿದ್ದನ್ನು ಹಿಂದಕ್ಕೆ ಪಡೆಯಲಾಗದು, ಮುಂದುವರಿಯಲೆ, ಎಂದು ಕೇಳಿತು. ಈ ಸಲ ಅವನು ಪ್ರತಿ ಅಕ್ಷರವನ್ನೂ ಓದಿ ‘ಸರಿ’ ಒತ್ತಿದ. ಚೌಕಕ್ಕೆ ಬಂದು ಮಂಕಾ ಎಂದು ಬರೆದ. ಪದದ ಪಕ್ಕದಲ್ಲಿ ಗೆರೆಯೊಂದು ಮಿಟುಕುತ್ತ ನಿಂತಿತು, ಅಷ್ಟೆ.

ಮುಂದಿನ ಮೆಟ್ಟಿಲಲ್ಲಿ ಉಸ್ ಎಂದದ್ದು ಕೇಳಿಸಿದಾಗ ಅವನು ಎದ್ದು, ರೂಢಿಯಂತೆ ಹಿಂಬಾಗಿಲವರೆಗೂ ಹೋದ. ಚಿಲಕದ ಮೇಲೆ ಕೈಯಿಟ್ಟ. ಆಮೇಲೆ ವಾಪಸ್ ಬಂದು ತನ್ನ ಮೇಜಿನ ಮುಂದೆ ಕೂತು, ಮಾಡಲು ಏನೂ ಉಳಿದಿರದ ಹಲ್ಲೊಂದನ್ನು ಕೈಗೆ ತೆಗೆದುಕೊಂಡ. ಅಕ್ಕ ಒಳಗೆ ಬಂದಳು. ಅವನಿರುವುದನ್ನು ಕಂಡು ಹೊಸಿಲಲ್ಲಿ ಒಂದು ಗಳಿಗೆ ತಡೆದು, ಗೋಡೆ ನೋಡುತ್ತ ಹೋಗಿ ಕೈಚೀಲ ಮೊಳೆಗೆ ತೂಗುಹಾಕಿದಳು. ಕೂದಲು ಅವನು ತಿಳಿದಿದ್ದಕ್ಕಿಂತ ಹೆಚ್ಚು ಬೆಳ್ಳಗಾಗಿತ್ತು. “ಇವತ್ತು ಯಾಕೆ ಇನ್ನೂ ಇದಾರೆ, ಕೇಳು” ಎಂದಳು. “ಕೆಲಸ ಇದೆಯಂತೆ” ಎಂದಳು ಅಚ್ಚಿನಮ್ಮ, ಅವನನ್ನು ಕೇಳದೆಯೇ. ಅಕ್ಕ ಕಿಟಕಿಯ ಹತ್ತಿರ ಹೋದಳು. ಮಾದರಿ ಹಲ್ಲುಗಳ ಸರ ಅಲ್ಲೇ ತೂಗುತ್ತಿತ್ತು, ಅದನ್ನು ಮುಟ್ಟಲಿಲ್ಲ. ನೇರವಾಗಿ ಕಂಪ್ಯೂಟರಿನ ಮುಂದೆ ಕೂತು, ಪರದೆಗೆ ಬಹಳ ಹತ್ತಿರ ಮುಖ ತಂದು, ಒಂದೊಂದೇ ಬೆರಳಲ್ಲಿ ಏನೋ ಬರೆದಳು. ಬರೆದು ಕೈ ಮಡಿಲಲ್ಲಿಟ್ಟುಕೊಂಡು ಕಾದಳು. ಮತ್ತೆ ಬರೆದಳು. ಮತ್ತೆ ಕಾದಳು. ಹಲ್ಲಿನ ಮೇಲಿಂದ ಕಣ್ಣೆತ್ತಿ ನೋಡುತ್ತಿದ್ದ ಅವನಿಗೆ ಆ ಕಾಯುವಿಕೆ ಗುರುತು ಸಿಕ್ಕಿತು. ಬೆಳಗಿನಿಂದ ಅವನು ಮಾಡಿದ್ದೂ ಅದನ್ನೇ.

“ಇದನ್ನ ಯಾರು ಮು‌ಟ್ಟಿದ್ದು, ಕೇಳು” ಎಂದಳು ಅಕ್ಕ. ದನಿ ಬೇರೆಯಾಗಿತ್ತು. ಅಚ್ಚಿನಮ್ಮ ಅವಳನ್ನೊಮ್ಮೆ ಅವನನ್ನೊಮ್ಮೆ ನೋಡಿದಳು. ಆಮೇಲೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. “ನಾನು ಕೇಳಲ್ಲಮ್ಮ. ನನ್ನ ಕತ್ತಿಗೆ ನೋವು ಬಂದಿದೆ ಇಷ್ಟು ವರ್ಷ ತಿರುಗಿಸಿ ತಿರುಗಿಸಿ. ಕೈ ತೊಳ್ಕೊಂಡು ಬರ್ತೀನಿ” ಎಂದು ಹೊರಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು, ನೀರು ಬಿದ್ದ ಸದ್ದು ಕೇಳಿಸಿತು.

“ನಾನೇ ಅಕ್ಕ. ಅಳಿಸ್ಬಿಟ್ಟೆ” ಎಂದ ಅವನು.

ಅವಳು ತಿರುಗಲಿಲ್ಲ. “ಎಲ್ಲಾನೂ?”

“ಎಲ್ಲಾನೂ. ಬೇರೆಯವರ ಕೈಗೆ ಸಿಗಬಾರದು ಅಂತ.”

ಸಿಗಬಾರದ್ದು ಯಾವುದೆಂದು ಅವಳು ಕೇಳಲಿಲ್ಲ. ಕೇಳದೇ ಇದ್ದದ್ದರಿಂದ, ಅವನು ಓದಿದ್ದಾನೆಂಬುದು ಅವಳಿಗೆ ತಿಳಿಯಿತೆಂದು ಅವನಿಗೆ ತಿಳಿಯಿತು. ಅವಳ ಬೆನ್ನು ಒಂದಿಷ್ಟು ಬಾಗಿತು. “ಆ ಒಂದು ಮಾತು,” ಎಂದು ಅವನು ಶುರುಮಾಡಿದ, “ಯಾರೂ ಇಲ್ಲ ಅಂತ, ಅದು…”

“ನೀನೇ ಬರೆದಿದ್ದು ಅಂತ ಗೊತ್ತು. ಅಷ್ಟು ಚೆನ್ನಾಗಿ ನೋಯ್ಸೋಕೆ ಯಂತ್ರಕ್ಕೆ ಬರಲ್ಲ” ಎಂದಳು ಅಕ್ಕ. ಆಮೇಲೆ ಪರದೆಯ ಮೇಲೆ ಕೈಯಾಡಿಸಿದಳು, ಧೂಳು ಒರೆಸುವ ಹಾಗೆ. “ಬೇರೇದೂ ಇತ್ತು. ಅಕ್ಕಾ ಅಂತ ಹಾಕಿದ್ರೆ ಒಂದೊಂದ್ ದಿನ ಒಂದೊಂದು ಬರ್ತಿತ್ತು. ನೀನು ಜ್ವರ ಬಂದಾಗ ನನ್ನ ನೆನೆಸ್ಕೊಂಡಿದ್ದು. ನಿನ್ನ ಮಗಳು ನನ್ ಥರ ನಗ್ತಾಳೆ ಅಂದಿದ್ದು. ಮಧ್ಯಾಹ್ನ ಬಂದ ತಕ್ಷಣ ಮೊದ್ಲು ಅದನ್ನ ಓದ್ಕೊಂಡು ಆಮೇಲೆ ಕೆಲಸ. ಕಣ್ಣಿಗೆ ಕಷ್ಟ ಆಗ್ತಿತ್ತು, ಆದ್ರೂ ಓದ್ತಿದ್ದೆ.” ಅವಳು ಈಗ ತಿರುಗಿದಳು. ಎಷ್ಟೋ ಕಾಲದ ಮೇಲೆ ಅವನ ಮುಖಕ್ಕೆ ಮುಖ ಕೊಟ್ಟು, ಸರಿಯಾಗಿ ಕಾಣುವುದಕ್ಕೆ ಕಣ್ಣು ಕಿರಿದು ಮಾಡಿ ನೋಡಿದಳು. “ಇನ್ಮೇಲೆ ನಾನು ಏನ್ ಓದ್ಲಿ?”

ಅವನು ಹಲ್ಲನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿ ಅವಳ ಎದುರಿನ ಸ್ಟೂಲಿನ ಮೇಲೆ ಕೂತ. ಹತ್ತಿರದಿಂದ ನೋಡಿದರೆ ಅವಳ ಬಲಗಣ್ಣಿನ ಕಪ್ಪಿನಲ್ಲಿ ತೆಳ್ಳಗೆ ಹಾಲು ಬೆರೆತಂತಿತ್ತು. ಹೇಳಬೇಕಾದದ್ದನ್ನು ಅವನು ಎಷ್ಟು ಸಲ ಬರೆದಿದ್ದನೋ ಲೆಕ್ಕವಿಲ್ಲ, ಅದರಲ್ಲಿ ಒಂದು ಸಾಲೂ ಈಗ ನೆನಪಿರಲಿಲ್ಲ.

“ಅಕ್ಕಾ” ಎಂದ. ಮುಂದಿನ ಪದ ತಾನಾಗಿ ಬರಲಿಲ್ಲ. ಅವಳು ಕಾದಳು.